ಆಲ್ಬರ್ಟ್ ಸ್ಕ್ವೇರ್‌ನ ಎರಡು ತೊಟ್ಟಿಲುಗಳು

ಪೂರ್ವ ಲಂಡನ್ನಿನ ಡಾಲ್ಸ್ಟನ್ ಕಿಂಗ್ಸ್‌ಲ್ಯಾಂಡ್ ರೈಲು ನಿಲ್ದಾಣದಿಂದ ಹೊರಬಂದರೆ ಎದುರಿಗೇ ರಿಡ್ಲಿ ರೋಡ್ ಸಂತೆ. ಬಾಳೆಕಾಯಿ, ಗೆಣಸು, ಮೀನು, ಬಟ್ಟೆ. ಆಫ್ರಿಕಾ, ಕೆರಿಬಿಯನ್, ಟರ್ಕಿ ಮೂಲದವರ ಚೌಕಾಸಿ. ಈ ಗದ್ದಲ ಬಿಟ್ಟು ಡಾಲ್ಸ್ಟನ್ ಲೇನ್ ದಾಟಿ ಗ್ರಹಾಂ ರೋಡ್ ಕಡೆಗೆ ನಡೆದರೆ ಸಿಗುವುದೇ ಫ್ಯಾಸೆಟ್ ಸ್ಕ್ವೇರ್.

ನೋಡಲು ವಿಶೇಷವೇನಿಲ್ಲ. ನಡುವೆ ಕಬ್ಬಿಣದ ಬೇಲಿಯ ಪುಟ್ಟ ತೋಟ, ಸುತ್ತ ಒಂದಕ್ಕೊಂದು ಅಂಟಿಕೊಂಡ ವಿಕ್ಟೋರಿಯಾ ಕಾಲದ ಮನೆಗಳು. ಮಗ್ಗುಲಲ್ಲೇ ಹಳೆಯ ಜರ್ಮನ್ ಆಸ್ಪತ್ರೆ. 1845ರಲ್ಲಿ ಶುರುವಾಗಿ 1987ರಲ್ಲಿ ಮುಚ್ಚಿದ ಅದರ ಕಟ್ಟಡಗಳಲ್ಲಿ ಈಗ ಸಂಸಾರಗಳಿವೆ. ಬಿಬಿಸಿಯ 'ಈಸ್ಟ್ಎಂಡರ್ಸ್' ಧಾರಾವಾಹಿಯ ಆಲ್ಬರ್ಟ್ ಸ್ಕ್ವೇರ್‌ಗೆ ಈ ಚೌಕವೇ ಮಾದರಿ. ಚಿತ್ರೀಕರಣ ನಡೆಯುವುದು ಮಾತ್ರ ನಗರದಾಚೆ ಎಲ್‌ಸ್ಟ್ರೀಯಲ್ಲಿ ಹಾಕಿದ ಸೆಟ್ಟಿನಲ್ಲಿ. ಹಾಗಾಗಿ ಧಾರಾವಾಹಿಯ ಕ್ವೀನ್ ವಿಕ್ ಪಬ್ಬನ್ನು ಇಲ್ಲಿ ಹುಡುಕಿ ಫಲವಿಲ್ಲ.

ಇಂಥ ಸಾಧಾರಣ ಬೀದಿಯನ್ನೇ ಆರಿಸಿಕೊಂಡದ್ದರಲ್ಲಿ ಆ ಧಾರಾವಾಹಿಯ ಬಲವಿದೆ. ನೋಡುಗರಿಗೆ ಅದು ಪಕ್ಕದ ಮನೆಯ ಸುದ್ದಿ. ಆ ಸಲಿಗೆಯಿಂದಾಗಿಯೇ ಅಲ್ಲಿ ಹಸುಗೂಸೊಂದು ಸತ್ತರೆ ಕಥೆಗಾರರ ಹೊಣೆಯೂ ದೊಡ್ಡದಾಗುತ್ತದೆ.

ಆಲ್ಬರ್ಟ್ ಸ್ಕ್ವೇರ್‌ನ ಮೊದಲ ಖಾಲಿ ತೊಟ್ಟಿಲು 1985ರದು; ಧಾರಾವಾಹಿ ಶುರುವಾಗಿ ಕೆಲವೇ ತಿಂಗಳಾಗಿತ್ತು. ಕೆಫೆ ನಡೆಸುವ ಸೂ ಮತ್ತು ಟರ್ಕಿಷ್ ಸೈಪ್ರಸ್ ಮೂಲದ ಅಲಿ ಉಸ್ಮಾನ್ ದಂಪತಿಯ ಕೂಸು ಹಸನ್ ನಿದ್ದೆಯಲ್ಲೇ ತೀರಿಕೊಳ್ಳುತ್ತದೆ. ಕಾಯಿಲೆಯಿಲ್ಲ, ಅಪಘಾತವಿಲ್ಲ, ಬೈಯಲು ಖಳನಾಯಕನೂ ಇಲ್ಲ. ಸೂ ದುಃಖವನ್ನು ಒಳಗೇ ಅದುಮಿಟ್ಟುಕೊಳ್ಳುತ್ತಾಳೆ. ಗಂಡಹೆಂಡಿರ ನಡುವೆ ಅದು ಬಹುಕಾಲ ಕುದಿಯುತ್ತದೆ. ಕಥೆ ಆ ಸಾವಿನ ಜೊತೆಗೇ ಉಳಿಯಿತು.

ಎರಡನೆಯದು 2010ರ ಡಿಸೆಂಬರ್ 31ರ ರಾತ್ರಿಯದು. ರಾನಿ ಬ್ರಾನಿಂಗ್‌ಳ ಎಳೆಗೂಸು ಜೇಮ್ಸ್ ತೊಟ್ಟಿಲಲ್ಲೇ ಸತ್ತಿದೆ. ಚೌಕದಲ್ಲಿ ಹೊಸ ವರ್ಷದ ಸಡಗರ. ಕೂಸನ್ನು ಎತ್ತಿಕೊಂಡು ಅಲೆಯುತ್ತಾಳೆ ತಾಯಿ. ಇಷ್ಟಕ್ಕೇ ಬಿಟ್ಟಿದ್ದರೆ ಅದೂ ನಿಲ್ಲುವಂಥ ದೃಶ್ಯವೇ. ಆದರೆ ಕ್ವೀನ್ ವಿಕ್‌ನಲ್ಲಿ ಅಳುತ್ತಿದ್ದ ಕ್ಯಾಟ್ ಮೂನ್‌ಳ ಮಗು ಟಾಮಿಯನ್ನು ತೆಗೆದುಕೊಂಡು, ಸತ್ತ ಮಗುವನ್ನು ಅಲ್ಲಿ ಮಲಗಿಸಿ ಬರುತ್ತಾಳೆ ರಾನಿ. ಬಿಬಿಸಿಗೆ ಆರು ಸಾವಿರಕ್ಕೂ ಹೆಚ್ಚು ದೂರು ಬಂದವು. ಕೊನೆಗೆ ಕಥೆಯನ್ನು ಮೊಟಕುಗೊಳಿಸಿ 2011ರ ಏಪ್ರಿಲ್‌ನಲ್ಲಿ ಟಾಮಿಯನ್ನು ಹೆತ್ತವರ ಮಡಿಲು ಸೇರಿಸಬೇಕಾಯಿತು.

ದೂರಿತ್ತವರು ಸಾವನ್ನು ತೋರಿಸಬೇಡಿ ಎಂದವರಷ್ಟೇ ಅಲ್ಲ. ಕೂಸು ಕಳೆದುಕೊಂಡ ತಾಯಿಯನ್ನು ಮಕ್ಕಳ ಕಳ್ಳಿ ಮಾಡಿದಿರಲ್ಲ ಎಂಬುದು ಹಲವರ ನೋವು. ಇಂಗ್ಲೆಂಡಿನಲ್ಲಿ ಆ ನೋವಿಗೆ ಹಿನ್ನೆಲೆಯಿದೆ. ಕಾರಣ ತಿಳಿಯದ ಶಿಶುಮರಣವಾದರೆ ಅಲ್ಲಿ ಮನೆಗೆ ಪೊಲೀಸರು ಬರುತ್ತಾರೆ, ಮರಣೋತ್ತರ ಪರೀಕ್ಷೆಯಾಗುತ್ತದೆ. ಎರಡು ಗಂಡುಕೂಸುಗಳನ್ನು ಕಳೆದುಕೊಂಡ ವಕೀಲೆ ಸ್ಯಾಲಿ ಕ್ಲಾರ್ಕ್‌ಗೆ 1999ರಲ್ಲಿ ಕೊಲೆ ಆರೋಪದ ಮೇಲೆ ಶಿಕ್ಷೆಯಾಯಿತು. ಅದು ತಪ್ಪು ತೀರ್ಪೆಂದು ಬಿಡುಗಡೆಯಾದದ್ದು 2003ರಲ್ಲಿ. ಅನುಮಾನದ ಕಣ್ಣು ಹೇಗಿರುತ್ತದೆಂದು ಅಂಥ ತಾಯಂದಿರಿಗೆ ಗೊತ್ತು. ಧಾರಾವಾಹಿ ಆ ಕಣ್ಣಿಗೇ ಇಂಬು ಕೊಟ್ಟಿತು.

ಪರದೆಗೆ ಒಳ್ಳೆಯದನ್ನು ಮಾಡುವ ಶಕ್ತಿಯೂ ಇದೆ. ಟಿವಿ ನಿರೂಪಕಿ ಆ್ಯನ್ ಡೈಮಂಡ್ ತಮ್ಮ ಮಗ ಸೆಬಾಸ್ಟಿಯನ್‌ನನ್ನು 1991ರಲ್ಲಿ ಹೀಗೇ ಕಳೆದುಕೊಂಡರು. ಮಕ್ಕಳನ್ನು ಬೋರಲು ಮಲಗಿಸಬೇಡಿ, ಅಂಗಾತ ಮಲಗಿಸಿ ಎಂದು ಅದೇ ಡಿಸೆಂಬರ್‌ನಲ್ಲಿ ಶುರುವಾದ ಪ್ರಚಾರಕ್ಕೆ ಅವರು ದನಿಯಾದರು. ಕೆಲವೇ ವರ್ಷಗಳಲ್ಲಿ ಇಂಥ ಸಾವುಗಳು ಅರ್ಧಕ್ಕಿಂತ ಹೆಚ್ಚು ಇಳಿದವು. ಹಸನ್‌ನ ಕಥೆ ಬರುವ ಹೊತ್ತಿಗೆ ಇಂಥ ಪ್ರಚಾರವೇ ಇರಲಿಲ್ಲ. ಜೇಮ್ಸ್‌ನ ಕಥೆಗೆ ಆ ನೆಪವಿಲ್ಲ.

ಶಿಶುಮರಣದ ಬಗ್ಗೆ ಕೆಲಸ ಮಾಡುವ ಸಂಸ್ಥೆಯಿಂದ 2010ರ ತಂಡ ಸಲಹೆ ಪಡೆದಿತ್ತು. ಆದರೆ ಸಲಹೆ ಕೊಟ್ಟದ್ದು ಸಾವಿನ ವಿಷಯಕ್ಕೇ ಹೊರತು ಮಗು ಅದಲುಬದಲಿಗಲ್ಲ ಎಂದು ಆ ಸಂಸ್ಥೆ ಅಂತರ ಕಾಯ್ದುಕೊಂಡಿತು. ಎಡವಿದ್ದು ಅಲ್ಲೇ. ತೊಟ್ಟಿಲು ಹೇಗಿತ್ತು, ಹೊದಿಕೆ ಎಲ್ಲಿತ್ತು ಎಂದು ತಿಳಿದವರನ್ನು ಕೇಳಿದರೆ ಸಾಲದು. ಮರುದಿನ ಬೆಳಗ್ಗೆ ಆ ತಾಯಿ ಏನು ಮಾಡುತ್ತಾಳೆಂದೂ ಕೇಳಬೇಕು. ಉಸ್ಮಾನರ ಕಥೆಯ ಜೀವ ಇದ್ದದ್ದು ಆ ಮರುದಿನಗಳಲ್ಲಿ.