ಮತ ಮುಗಿದರೂ ಮರಳದ ಕೋವಿ

2024ರ ಏಪ್ರಿಲ್ 26ರಂದು ಕೊಡಗು, ದಕ್ಷಿಣ ಕನ್ನಡ, ಉಡುಪಿ, ಚಿಕ್ಕಮಗಳೂರಿನ ಜನ ಲೋಕಸಭೆಗೆ ಮತ ಹಾಕಿದರು. ಅಂದು ರಾತ್ರಿಯೇ ಮತಯಂತ್ರಗಳು ಸ್ಟ್ರಾಂಗ್‌ರೂಮ್ ಸೇರಿದವು. ಆದರೆ ಚುನಾವಣೆಗೆಂದು ಬೆಳೆಗಾರರು ಠಾಣೆಗೆ ಒಪ್ಪಿಸಿದ್ದ ಕೋವಿಗಳಿಗೆ ಬಿಡುಗಡೆಯ ದಿನ ಇನ್ನೂ ದೂರವಿತ್ತು. ದೇಶದ ಕೊನೇ ಹಂತದ ಮತದಾನ ಜೂನ್ 1ಕ್ಕೆ, ಎಣಿಕೆ ಜೂನ್ 4ಕ್ಕೆ. ಅದಾದ ಮೇಲೂ ಒಂದು ವಾರ ಆಯುಧಗಳು ಠಾಣೆಯಲ್ಲೇ ಇರಬೇಕೆಂಬುದು ಚುನಾವಣಾ ಆಯೋಗದ ಸೂಚನೆ. ಮಾರ್ಚ್ ಕೊನೆಗೆ ಜೋಡುನಳಿಗೆ ಕೊಟ್ಟುಬಂದ ಬೆಳೆಗಾರ ಎರಡು ತಿಂಗಳಿಗೂ ಹೆಚ್ಚು ಕಾಲ ಬರಿಗೈ. ಮಂಗ ಎಳನೀರಿಗೆ ಇಳಿಯುವುದು, ಹಲಸು ಹಣ್ಣಾಗಿ ತೋಟಕ್ಕೆ ಕಾಡುಪ್ರಾಣಿ ನುಗ್ಗುವುದು ಅದೇ ಹೊತ್ತಿಗೆ. ಅದರ ಹಿಂದಿನ ಬೇಸಿಗೆಯಲ್ಲೂ, ವಿಧಾನಸಭೆಯ ನೆಪದಲ್ಲಿ, ನಡೆದದ್ದು ಇದೇ.

ಇಷ್ಟೆಲ್ಲ ಯಾವ ಕಾನೂನಿನ ಪ್ರಕಾರ ಎಂದು ಹುಡುಕಿ ಹೊರಟರೆ ಸಿಗುವುದು ಒಂದು ಪುಟ್ಟ ಕಲಂ. 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 134ಬಿ. ಮತದಾನದ ದಿನ ಮತಗಟ್ಟೆಯ ಆಸುಪಾಸಿಗೆ ಯಾರೂ ಆಯುಧ ಹಿಡಿದು ಬರುವಂತಿಲ್ಲ. ಚುನಾವಣಾಧಿಕಾರಿ, ಮತಗಟ್ಟೆ ಅಧ್ಯಕ್ಷಾಧಿಕಾರಿ, ಅಲ್ಲಿ ಕರ್ತವ್ಯದಲ್ಲಿರುವ ಪೊಲೀಸರು ಮತ್ತು ಬಂದೋಬಸ್ತಿಗೆ ನೇಮಕವಾದವರು ಮಾತ್ರ ಇದಕ್ಕೆ ಹೊರತು. ತಪ್ಪಿದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಶಿಕ್ಷೆಯಾದರೆ ಆಯುಧ ಮುಟ್ಟುಗೋಲಿಗೆ ಗುರಿ, ಲೈಸೆನ್ಸ್ ತಾನಾಗಿಯೇ ರದ್ದು. ವಾರಂಟ್ ಇಲ್ಲದೆಯೇ ಬಂಧಿಸಬಹುದು.

ಇದರಲ್ಲಿ ಒಂದು ವಿಚಿತ್ರವಿದೆ. ಮತ ಯಾಚನೆಗೆ ಇದೇ ಕಾಯ್ದೆ ನೂರು ಮೀಟರ್ ಎಂದು ಗೆರೆ ಎಳೆದಿದೆ, ಸುಣ್ಣದಲ್ಲಿ ಆ ಗೆರೆ ಹಾಕುವುದನ್ನೂ ನೋಡುತ್ತೇವೆ. ಬಂದೂಕಿಗೆ ಮಾತ್ರ ಅಳತೆಯೇ ಇಲ್ಲ, ಬರೀ ‘ಆಸುಪಾಸು’. ಆಯುಧವೆಂದರೆ ಬಂದೂಕು ಮಾತ್ರವೂ ಅಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆ ಹರಿತವಾದ ಮಾರಕ ಆಯುಧಗಳನ್ನೂ ಈ ಪಟ್ಟಿಗೆ ಸೇರಿಸಿ, ಮನೆ ಮತ್ತು ಬೇಸಾಯದ ಬಳಕೆಗೆಂದೇ ಇರುವ ವಸ್ತುಗಳನ್ನೂ ಊರುಗೋಲನ್ನೂ ಬಿಟ್ಟಿದೆ. ಅಡಕೆ ತೋಟದಿಂದ ನೇರ ಕತ್ತಿ ಸಿಕ್ಕಿಸಿಕೊಂಡೇ ಮತಗಟ್ಟೆಗೆ ಬಂದವನನ್ನು ಏನು ಮಾಡುವುದು? ಅದು ಬಾಗಿಲಲ್ಲಿ ನಿಂತ ಪೇದೆಯ ವಿವೇಕಕ್ಕೆ ಬಿಟ್ಟದ್ದು. ಸಾಮಾನ್ಯವಾಗಿ ಪೇದೆಗೆ ಆ ವಿವೇಕ ಇರುತ್ತದೆ.

ಈ ಕಲಂ ಜಾರಿಗೆ ಬಂದದ್ದು 1996ರ ಆಗಸ್ಟ್‌ನಲ್ಲಿ. ಮತಯಂತ್ರಕ್ಕೆ ಕಾನೂನಿನ ಬೆಂಬಲ ಕೊಟ್ಟದ್ದೂ ಮತಗಟ್ಟೆ ವಶಪಡಿಸಿಕೊಳ್ಳುವುದನ್ನು ಪ್ರತ್ಯೇಕ ಅಪರಾಧ ಮಾಡಿದ್ದೂ ಅದಕ್ಕೂ ಮೊದಲಿನ, 1989ರ ತಿದ್ದುಪಡಿ. ಮೂರರ ಹಿಂದೆಯೂ ಇದ್ದದ್ದು ಒಂದೇ ಭಯ. ಬಿಹಾರದ ಬೇಗುಸರಾಯ್ ಬಳಿಯ ರಚಿಯಾಹಿಯಲ್ಲಿ 1957ರಲ್ಲೇ ಮತಗಟ್ಟೆ ವಶವಾದದ್ದನ್ನು ಇಂಥ ಮೊದಲ ಪ್ರಕರಣ ಎನ್ನುತ್ತಾರೆ. ಮುಂದೆ ಗಂಗಾ ಬಯಲಿನಲ್ಲಿ ಅದು ದಂಧೆಯೇ ಆಯಿತು. ಅಲ್ಲಿ ಹೆದರಿಸಿದ್ದು ಹೆಚ್ಚಾಗಿ ಕಳ್ಳ ಕುಲುಮೆಗಳಲ್ಲಿ ತಯಾರಾದ ನಾಡ ಪಿಸ್ತೂಲು, ಲೈಸೆನ್ಸಿನ ಕೋವಿಯಲ್ಲ. 1989ರ ಆ ತಿದ್ದುಪಡಿ ಬಂದ ಮರುವರ್ಷವೇ, 1990ರಲ್ಲಿ, ಹರಿಯಾಣದ ಮೆಹಮ್ ಉಪಚುನಾವಣೆ ಹಿಂಸೆಯಲ್ಲಿ ಮುಳುಗಿತು.

ಬಂದೂಕು ಹಿಡಿದವರು ಖಾಕಿ ತೊಟ್ಟಿದ್ದರೂ ಮತದಾರ ಹೆದರಬಹುದು. 1981ರ ಗಢವಾಲ್ ಲೋಕಸಭಾ ಉಪಚುನಾವಣೆಯಲ್ಲಿ ಹೇಮವತಿ ನಂದನ್ ಬಹುಗುಣ ಕಣದಲ್ಲಿದ್ದರು. ಆಯೋಗಕ್ಕೆ ತಿಳಿಸದೆಯೇ ಹೊರರಾಜ್ಯದ ಪೊಲೀಸರನ್ನು ತಂದು ಇಳಿಸಿದ್ದು ಬಯಲಾಯಿತು. ಮುಖ್ಯ ಚುನಾವಣಾ ಆಯುಕ್ತ ಎಸ್.ಎಲ್. ಶಕ್ಧರ್ ಇಡೀ ಕ್ಷೇತ್ರದ ಮತದಾನವನ್ನೇ ರದ್ದು ಮಾಡಿದರು. ಮರುವರ್ಷ ನಡೆದ ಮರುಮತದಾನದಲ್ಲಿ ಬಹುಗುಣ ಗೆದ್ದರು. ಇಂದು ಕೇಂದ್ರ ಪಡೆಯ ಜವಾನ ಮತಗಟ್ಟೆಯ ಬಾಗಿಲಲ್ಲಿ ನಿಲ್ಲುತ್ತಾನೆ, ಅಧ್ಯಕ್ಷಾಧಿಕಾರಿ ಕರೆಯದೆ ಒಳಗೆ ಬರುವಂತಿಲ್ಲ. ಜೆಡ್ ಪ್ಲಸ್ ಭದ್ರತೆಯ ಗಣ್ಯರು ಮತ ಹಾಕಲು ಬಂದರೂ ಜತೆಗೆ ಒಬ್ಬನೇ ಅಂಗರಕ್ಷಕ, ಅದೂ ಮಫ್ತಿಯಲ್ಲಿ, ಆಯುಧ ಕಾಣದಂತೆ.

ಇಲ್ಲಿಯವರೆಗೆ ಎಲ್ಲವೂ ಮತಗಟ್ಟೆಯ ಬಾಗಿಲಿನ ಮಾತು, ತಕರಾರಿಲ್ಲ. ತಕರಾರು ಹುಟ್ಟುವುದು ಆ ಬಾಗಿಲು ವಾರಗಟ್ಟಲೆ ಮೊದಲೇ ತೋಟದ ಮನೆಯವರೆಗೆ ಚಾಚಿಕೊಂಡಾಗ. 134ಬಿಯಲ್ಲಿ ಕೋವಿ ಠಾಣೆಗೆ ಒಪ್ಪಿಸಿ ಎಂಬ ಮಾತೇ ಇಲ್ಲ. ಅದು ಬರುವುದು ಜಿಲ್ಲಾಡಳಿತದ ಆದೇಶದಿಂದ. ಎಲ್ಲರ ಆಯುಧವನ್ನೂ ಸಾರಾಸಗಟಾಗಿ ಕಿತ್ತುಕೊಳ್ಳುವುದನ್ನು ಬಾಂಬೆ ಹೈಕೋರ್ಟ್ ಒಪ್ಪಲಿಲ್ಲ. ಆ ತೀರ್ಪಿನ ಬೆನ್ನಿಗೆ 2009ರಲ್ಲಿ ಆಯೋಗ ಸೂಚನೆ ಹೊರಡಿಸಿ, ಜಿಲ್ಲಾಧಿಕಾರಿ ಮತ್ತು ಪೊಲೀಸ್ ವರಿಷ್ಠಾಧಿಕಾರಿ ಇರುವ ಪರಿಶೀಲನಾ ಸಮಿತಿ ಒಬ್ಬೊಬ್ಬರ ಹಿನ್ನೆಲೆ ನೋಡಿ ತೀರ್ಮಾನಿಸಲಿ ಎಂದಿತು. ಜಾಮೀನಿನ ಮೇಲಿರುವವರು, ಅಪರಾಧ ಹಿನ್ನೆಲೆಯವರು, ಹಿಂದೆ ಗಲಭೆಯಲ್ಲಿ, ಅದರಲ್ಲೂ ಚುನಾವಣೆಯ ಗಲಭೆಯಲ್ಲಿ ಸಿಕ್ಕಿಬಿದ್ದವರು ಮೊದಲ ಗುರಿ.

ಕಾಗದದ ಮೇಲೆ ಇದು ಅಚ್ಚುಕಟ್ಟು. ಮಲೆನಾಡು, ಕರಾವಳಿಯಲ್ಲಿ ಮಾತ್ರ ಬೆಳೆಗಾರನಿಗೆ ತಲುಪುವುದು ಪತ್ರಿಕೆಯ ಪ್ರಕಟಣೆ, ಇಲ್ಲವೇ ಬೀಟ್ ಪೊಲೀಸರ ಫೋನು. ವಿನಾಯಿತಿ ಬೇಕಾದರೆ ಅರ್ಜಿ ಹಾಕಿ ಎನ್ನುತ್ತಾರೆ. ಕಾರಣ ತೋರಿಸಬೇಕಾದದ್ದು ಸಮಿತಿ. ಇಲ್ಲಿ ಕಾರಣ ಬರೆದುಕೊಡುವ ಕೆಲಸ ಕೋವಿಯವನ ಪಾಲಿಗೆ. ಹೈಕೋರ್ಟಿಗೆ ಹೋದ ಬೆಳೆಗಾರರೂ ಇದ್ದಾರೆ. ಆದರೆ ಚುನಾವಣೆ ಮುಗಿದರೆ ತಕರಾರೂ ಮುಗಿದಂತೆ, ಮುಂದಿನ ಸಲ ಮತ್ತೆ ಮೊದಲಿನಿಂದ. ಅಧಿಕಾರಿಯ ಕಷ್ಟವೂ ಅರ್ಥವಾಗುತ್ತದೆ. ಸಾವಿರಾರು ಕಡತ ನೋಡುವುದಕ್ಕಿಂತ ಎಲ್ಲವನ್ನೂ ತರಿಸಿಟ್ಟುಕೊಳ್ಳುವುದು ಸುಲಭ, ಅಂಕಿ-ಅಂಶದ ವರದಿಯೂ ಚೆನ್ನಾಗಿ ಕಾಣುತ್ತದೆ. ನಾಡ ಪಿಸ್ತೂಲಿನವನಂತೂ ಠಾಣೆಗೆ ತಂದುಕೊಡುವುದಿಲ್ಲ.

ಕೊಡಗಿನದು ಬೇರೆಯೇ ಕತೆ. 1857ರ ದಂಗೆಯ ಬಳಿಕ ಬ್ರಿಟಿಷರು ಜನರ ಆಯುಧ ಕಸಿಯುವ ಕಾನೂನು ತಂದಾಗ, 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ಅದರಿಂದ ವಿನಾಯಿತಿ ಕೊಟ್ಟ. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೂ ಇರುವ ಲೈಸೆನ್ಸ್ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಕ್ಕೆ ವಿಸ್ತರಿಸಿತು. ಅದನ್ನು ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರ ಸೆಪ್ಟೆಂಬರ್‌ನಲ್ಲಿ ತಳ್ಳಿಹಾಕಿತು. ಈ ವಿನಾಯಿತಿ ಲೈಸೆನ್ಸಿಗೆ ಮಾತ್ರ. ಮತಗಟ್ಟೆಯ ನಿಷೇಧ ಕೊಡವರಿಗೂ ಅನ್ವಯ. ಹಾಗಿದ್ದರೂ ಕಲಮಿನಲ್ಲೊಂದು ಕಿಂಡಿ ಉಳಿದಿದೆ. ಶಿಕ್ಷೆಯಾದವನ ಲೈಸೆನ್ಸ್ ರದ್ದಾಗುತ್ತದೆ ಎನ್ನುವ ಕಾನೂನು, ಲೈಸೆನ್ಸೇ ಬೇಕಿಲ್ಲದವನಿಂದ ಏನನ್ನು ರದ್ದು ಮಾಡೀತು? ಕೋವಿಯನ್ನು ಮುಟ್ಟುಗೋಲು ಹಾಕಿಕೊಳ್ಳಬಹುದು. ಇನ್ನೊಂದು ಕೋವಿ ಇಟ್ಟುಕೊಳ್ಳುವ ವಿನಾಯಿತಿಯ ಬಗ್ಗೆ ಈ ಕಲಂ ಮೌನ.

ಅಮೆರಿಕದಲ್ಲಿ ಜಗಳ ಇರುವುದು ಬಾಗಿಲಿನ ಬಗ್ಗೆಯೇ. ಮತಗಟ್ಟೆಗೆ ಬಂದೂಕು ತರಬಾರದೆಂಬ ಒಂದೇ ರಾಷ್ಟ್ರೀಯ ಕಾನೂನು ಅಲ್ಲಿಲ್ಲ, ರಾಜ್ಯಕ್ಕೊಂದು ರೀತಿ. ಬಂದೂಕುಪ್ರಿಯ ಟೆಕ್ಸಾಸ್‌ನಲ್ಲೇ ನಿಷೇಧವಿದೆ, ಎಷ್ಟೋ ರಾಜ್ಯಗಳಲ್ಲಿ ಇಲ್ಲ. ಡೆಲವೇರ್ 1776ರ ತನ್ನ ಸಂವಿಧಾನದಲ್ಲೇ ಚುನಾವಣೆಗೆ ಆಯುಧ ಹಿಡಿದು ಬರಬಾರದೆಂದು ಬರೆದುಕೊಂಡಿತ್ತು. ಬಂದೂಕಿನ ಹಕ್ಕನ್ನು ಬಹಳ ಹಿಗ್ಗಿಸಿದ ಅಲ್ಲಿನ ಸುಪ್ರೀಂ ಕೋರ್ಟಿನ 2022ರ ಬ್ರೂಯೆನ್ ತೀರ್ಪಿನಲ್ಲೂ ನ್ಯಾಯಮೂರ್ತಿ ಕ್ಲಾರೆನ್ಸ್ ಥಾಮಸ್ ಶಾಸನಸಭೆ, ನ್ಯಾಯಾಲಯಗಳ ಜತೆ ಮತಗಟ್ಟೆಯನ್ನೂ ಸೂಕ್ಷ್ಮ ಸ್ಥಳಗಳಲ್ಲಿ ಸೇರಿಸಿದರು.

ಅದಕ್ಕೂ ಮುಂಚೆ, 2020ರ ಅಕ್ಟೋಬರ್ 16ರಂದು, ಮಿಷಿಗನ್ ರಾಜ್ಯದ ಚುನಾವಣಾ ಹೊಣೆ ಹೊತ್ತಿದ್ದ ಜೋಸಲಿನ್ ಬೆನ್ಸನ್ ಮತಗಟ್ಟೆಯ ನೂರು ಅಡಿಯೊಳಗೆ ಬಂದೂಕು ಕಾಣುವಂತೆ ಹಿಡಿದು ಬರಬಾರದೆಂದು ನಿರ್ದೇಶನ ಹೊರಡಿಸಿದರು. ಉದ್ದೇಶ ಒಳ್ಳೆಯದೇ, ಆದರೆ ಅಂಥ ನಿಯಮ ಮಾಡಲು ಕಾನೂನು ಹೇಳುವ ಕ್ರಮ ಪಾಲಿಸಿರಲಿಲ್ಲ. 11 ದಿನದಲ್ಲಿ ನ್ಯಾಯಾಲಯ ಅದಕ್ಕೆ ತಡೆ ಕೊಟ್ಟಿತು. ಮತಗಟ್ಟೆಯ ಬಾಗಿಲಲ್ಲಿ ನನ್ನ ಆಯ್ಕೆ ನಮ್ಮ 134ಬಿಯೇ. ಮಿಷಿಗನ್‌ನಿಂದ ತರಬಹುದಾದದ್ದು ಆ 11 ದಿನದ ಚುರುಕು: ತನ್ನ ಹೆಸರು ಪಟ್ಟಿಯಲ್ಲಿ ಏಕಿದೆ ಎಂಬ ಬೆಳೆಗಾರನ ಪ್ರಶ್ನೆಗೆ ಸಮಿತಿಯ ಲಿಖಿತ ಉತ್ತರ ನಾಮಪತ್ರ ವಾಪಸಾತಿಯ ದಿನದೊಳಗೆ ಕೈಸೇರಬೇಕು, ಮತ್ತು ತಮ್ಮ ಜಿಲ್ಲೆಯ ಮತದಾನ ಮುಗಿದವರ ಕೋವಿ ದೇಶದ ಇನ್ನೊಂದು ಮೂಲೆಯ ಕೊನೇ ಹಂತಕ್ಕೆ ಕಾಯಬಾರದು. ಇದಕ್ಕೆ ಸಂಸತ್ತು ಸೇರಬೇಕಿಲ್ಲ, ಆಯೋಗದ ಒಂದು ಸುತ್ತೋಲೆ ಸಾಕು.