ಹಳೆ ಬಟ್ಟೆಗೆ ಹೊಸ ಪಾತ್ರೆ

‘ಹಳೇ ಬಟ್ಟೆಗೆ ಪಾತ್ರೇ...’ ಮಂಡ್ಯ, ಮದ್ದೂರು, ಮಳವಳ್ಳಿಯ ಬೀದಿಗಳಲ್ಲಿ ಈ ಕೂಗು ಕೇಳದ ತಾಯಂದಿರು ಇರಲಿಕ್ಕಿಲ್ಲ. ತಲೆಯ ಮೇಲೆ ಪಾತ್ರೆಯ ಬುಟ್ಟಿ, ಹೆಗಲಿಗೆ ಬಟ್ಟೆಯ ಗಂಟು. ಅರ್ಧ ಗಂಟೆ ಚೌಕಾಸಿ ನಡೆದು, ನಾಲ್ಕಾರು ಪ್ಯಾಂಟು, ಎರಡು ಸೀರೆಗೆ ಒಂದು ಸ್ಟೀಲ್ ಡಬರಿ! ಅಲ್ಲಿಗೆ ಮನೆಯವರ ಲೆಕ್ಕ ಮುಗಿಯಿತು. ಬಟ್ಟೆಯದು ಮುಗಿಯುವುದಿಲ್ಲ. ಗಟ್ಟಿಯಿದ್ದದ್ದು ಒಗೆದು ಇಸ್ತ್ರಿಯಾಗಿ ಸಂತೆ ಸೇರುತ್ತದೆ, ಯಾರದೋ ಹಬ್ಬದ ಅಂಗಿಯಾಗುತ್ತದೆ. ಹರಿದದ್ದು ಗ್ಯಾರೇಜಿಗೆ. ಉಣ್ಣೆಯದು ಹರಿಯಾಣದ ಪಾಣಿಪತ್ ತಲುಪಿದರೆ ಮತ್ತೆ ನೂಲಾಗಿ, ಕಂಬಳಿಯಾಗುತ್ತದೆ. ಪಶ್ಚಿಮ ದೇಶಗಳು ಬಿಸಾಡಿದ ಬಟ್ಟೆಯೂ ಅಲ್ಲಿಗೇ ಬರುತ್ತದೆ.

ಒಂದು ಹತ್ತಿಯ ಟೀ ಶರ್ಟಿನ ಹಿಂದೆ ಸುಮಾರು 2,700 ಲೀಟರ್ ನೀರಿನ ಖರ್ಚಿದೆ ಎಂಬ ಅಂದಾಜಿದೆ. ಕಾವೇರಿ ನೀರಿಗಾಗಿ ಬೀದಿಗಿಳಿಯುವ ಜಿಲ್ಲೆಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಣ್ಣನ ಯೂನಿಫಾರಂ ತಮ್ಮನಿಗಾದರೆ ನಾಚಿಕೆಯೇಕೆ?

ಆದರೆ ಬಟ್ಟೆಯ ಬೇಡಿಕೆ ಕುಸಿದಾಗ ಮೊದಲ ಪೆಟ್ಟು ಬೀಳುವುದು ಹೊಲಿಯುವವಳಿಗೆ. ಸ್ವೀಡನ್ನಿನ ಎಚ್ ಅಂಡ್ ಎಂ ಕಂಪನಿಗೆ ಉಡುಪು ಹೊಲಿಯುತ್ತಿದ್ದ ಶ್ರೀರಂಗಪಟ್ಟಣದ ಗೋಕಲ್‌ದಾಸ್ ಕಾರ್ಖಾನೆ, ಆರ್ಡರಿಲ್ಲವೆಂದು 2020ರ ಜೂನ್‌ನಲ್ಲಿ ಬಾಗಿಲು ಹಾಕಿತು. ಸಾವಿರಕ್ಕೂ ಹೆಚ್ಚು ಮಂದಿ, ಬಹುಪಾಲು ಹೆಣ್ಣುಮಕ್ಕಳು, ಕೆಲಸ ಕಳೆದುಕೊಂಡು ವಾರಗಟ್ಟಲೆ ಧರಣಿ ಕೂತರು. ಅವರಿಗೆ ಮರಳಿ ಕೆಲಸ ಕೊಡುವ ಒಪ್ಪಂದವಾದದ್ದು 2021ರಲ್ಲಿ, ಅದೂ ಬೇರೆ ಘಟಕಗಳಲ್ಲಿ.