ಹಿಮದಲ್ಲಿ ಬದನೆಕಾಯಿ ಸುಡುವ ಬಗೆ

ಗೊಜ್ಜಿಗೆ ಬದನೆಕಾಯಿ ಸುಡಬೇಕು, ಮನೆಯೊಳಗೆ ಉರಿಯೇ ಇಲ್ಲ. ಮಿನಿಯಾಪೊಲಿಸ್‌ನ ಅಕ್ಕನ ಮನೆಯಲ್ಲಿರುವುದು ಗಾಜಿನ ಹಾಸಿನ ಕರೆಂಟ್ ಒಲೆ. ಅದರ ಮೇಲೆ ಬದನೆಕಾಯಿ ಇಟ್ಟರೆ ಸಿಪ್ಪೆ ಕಪ್ಪಾಗುವ ಮೊದಲೇ ಹೊಗೆ ಅಲಾರಂ ಬೊಬ್ಬೆ ಹೊಡೆಯುತ್ತದೆ. ಹಾಗಾಗಿ ಜನವರಿಯ ಒಂದು ಸಂಜೆ, ಮೈನಸ್ 18 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಭಾವ ಹಿತ್ತಲಿನ ಗ್ಯಾಸ್ ಗ್ರಿಲ್ ಹೊತ್ತಿಸಿದರು. ಎರಡು ಬದನೆಕಾಯಿ, ನಾಲ್ಕು ಮುಸುಕಿನ ಜೋಳ. ಶುರುವಿನಲ್ಲಿ ನೀಲಿ ಉರಿ ಚೆನ್ನಾಗಿಯೇ ಇತ್ತು. ಅರ್ಧ ಗಂಟೆಯಾಗುವಷ್ಟರಲ್ಲಿ ಮಂಕಾಗಿ, ಬರ್ನರಿನ ತೂತುಗಳ ಬಾಯಲ್ಲೇ ಮುದುಡಿಕೊಂಡಿತು.

“ಸಿಲಿಂಡರ್ ಮುಗೀತು ಕಣೋ” ಅಂದರು ಭಾವ. ಎತ್ತಿ ಅಲ್ಲಾಡಿಸಿದೆ. ಒಳಗೆ ಕುಲುಕಿತು.

ಇಂಥ ಚಳಿಯಲ್ಲಿ ಗ್ರಿಲ್ ಕಾಯುವುದೇ ಕಷ್ಟ ಅಂತ ನಾವು ಅಂದುಕೊಳ್ಳುತ್ತೇವೆ. ಲೆಕ್ಕ ಹಾಕಿದರೆ ಹಾಗೇನಿಲ್ಲ. ಮುಚ್ಚಳ ಹಾಕಿದ ಗ್ರಿಲ್ಲಿನ ಒಳಗೆ 230 ಡಿಗ್ರಿ ಇದೆ ಎನ್ನೋಣ. ಬೇಸಿಗೆಯ 27 ಡಿಗ್ರಿ ಗಾಳಿಗೂ ಅದಕ್ಕೂ ಇರುವ ಅಂತರ 203. ಮೈನಸ್ 18ರಲ್ಲಿ ಆ ಅಂತರ 248. ಶಾಖ ಸೋರಿಹೋಗುವುದು ಹೆಚ್ಚುಕಡಿಮೆ ಈ ಅಂತರದ ಲೆಕ್ಕದಲ್ಲೇ. ಅಂದರೆ ನಮ್ಮ ಕಿವಿ ಉದುರಿಹೋಗುವಂಥ ಚಳಿ ಗ್ರಿಲ್ಲಿನ ಪಾಲಿಗೆ ಐದರಲ್ಲೊಂದು ಪಾಲು ಹೆಚ್ಚಿನ ಕೆಲಸ, ಅಷ್ಟೇ. ಅದಕ್ಕಿಂತ ಹೆಚ್ಚು ಕಾಡುವುದು ಗಾಳಿ. ತೆಳು ತಗಡಿನ ಮೈಗೆ ಅಂಟಿಕೊಂಡ ಬಿಸಿಗಾಳಿಯ ಪದರವನ್ನು ಅದು ಗುಡಿಸಿಕೊಂಡು ಹೋಗುತ್ತದೆ. ಆಮೇಲೆ, ಎರಡು ನಿಮಿಷಕ್ಕೊಮ್ಮೆ ಮುಚ್ಚಳ ಎತ್ತಿ ಇಣುಕುವ ನನ್ನಂಥವರು.

ನಿಜವಾಗಿ ಚಳಿ ಹಿಡಿಯುವುದು ಸಿಲಿಂಡರಿಗೆ. ಅದರೊಳಗಿರುವುದು ದ್ರವರೂಪದ ಪ್ರೊಪೇನ್. ಅದು ಕುದಿದು ಆವಿಯಾದರೆ ಮಾತ್ರ ಬರ್ನರಿಗೆ ಗ್ಯಾಸ್. ಪ್ರೊಪೇನ್ ಕುದಿಯುವುದು ಮೈನಸ್ 42 ಡಿಗ್ರಿಯಲ್ಲಿ. ಅದಕ್ಕೆ ಮೈನಸ್ 18 ಕೂಡ ಸೆಕೆಯೇ. ಆದರೆ ಎಷ್ಟು ಸೆಕೆ ಅನ್ನುವುದರಲ್ಲಿದೆ ಗುಟ್ಟು. 27 ಡಿಗ್ರಿಯಲ್ಲಿ ಅದು ಕುದಿಬಿಂದುವಿಗಿಂತ 69 ಡಿಗ್ರಿ ಮೇಲಿರುತ್ತದೆ, ಸಿಲಿಂಡರಿನ ಒತ್ತಡ ಸುಮಾರು 10 ಬಾರ್. ಮೈನಸ್ 18ರಲ್ಲಿ ಬರೀ 24 ಡಿಗ್ರಿ ಮೇಲೆ, ಒತ್ತಡ 2.6 ಬಾರ್. ಸುತ್ತಲಿನ ವಾತಾವರಣದ ಒತ್ತಡವೇ 1 ಬಾರ್ ಇದೆಯಲ್ಲ, ಹಾಗಾಗಿ ಗ್ಯಾಸನ್ನು ಹೊರದೂಡಲು ಉಳಿದದ್ದು ಒಂದೂವರೆ ಚಿಲ್ಲರೆ.

ಇದರ ಮೇಲೆ ಇನ್ನೊಂದು ಪೆಟ್ಟು. ಆವಿಯಾಗಲು ಶಾಖ ಬೇಕು. ಬರ್ನರುಗಳೆಲ್ಲ ಪೂರ್ತಿ ಉರಿದರೆ ಇಂಥ ಗ್ರಿಲ್ ಗಂಟೆಗೆ 600 ಗ್ರಾಂ ಆಸುಪಾಸು ಪ್ರೊಪೇನ್ ನುಂಗುತ್ತದೆ. ಅಷ್ಟನ್ನು ಆವಿ ಮಾಡಲು 65-70 ವಾಟ್, ಅಂದರೆ ಹಳೇ ಕಾಲದ ಒಂದು ಬಲ್ಬು ಉರಿಯುವಷ್ಟು ಶಾಖ ಬೇಕು. ಪಕ್ಕದಲ್ಲೇ 9 ಕಿಲೋವಾಟ್ ಬೆಂಕಿ ಉರಿಯುತ್ತಿದ್ದರೂ ಅದರಿಂದ ಸಿಲಿಂಡರಿಗೆ ದಕ್ಕುವುದು ಅತ್ಯಲ್ಪ. ಅದು ತನ್ನ ದ್ರವದಿಂದಲೂ ಸುತ್ತಲ ಗಾಳಿಯಿಂದಲೂ ಆ ಶಾಖವನ್ನು ಎಳೆದುಕೊಳ್ಳಬೇಕು. ಎಳೆದಷ್ಟೂ ದ್ರವ ತಣ್ಣಗಾಗುತ್ತದೆ, ತಣ್ಣಗಾದಷ್ಟೂ ಒತ್ತಡ ಇಳಿಯುತ್ತದೆ. ಟಾರ್ಚ್ ಬಿಟ್ಟು ನೋಡಿದೆ. ಸಿಲಿಂಡರಿನ ತಳದಿಂದ ನಾಲ್ಕು ಬೆರಳು ಎತ್ತರದವರೆಗೆ ಬೂದಿ ಬಳಿದಂತೆ ತೆಳು ಹಿಮ, ಅದರ ಮೇಲಂಚು ದಾರ ಹಿಡಿದು ಎಳೆದಷ್ಟು ನೇರ. ಒಳಗಿನ ದ್ರವದ ಮಟ್ಟ ಅದೇ. ಆ ನಾಲ್ಕು ಬೆರಳಿನ ಪಟ್ಟಿಯಷ್ಟೇ ಶಾಖ ಹೀರುವ ಜಾಗ. ತುಂಬಿದ ಸಿಲಿಂಡರಿಗಾದರೆ ಮೈಯೆಲ್ಲ ಅಂಥ ಜಾಗ.

ಮದುವೆ ಮನೆಯ ಅಡುಗೆಯವರಿಗೆ ಇದು ಹೊಸದಲ್ಲ. ದೊಡ್ಡ ಒಲೆಗಳು ಒಂದೇ ಸಮನೆ ಉರಿಯುವಾಗ ನಮ್ಮ ಸೆಕೆಯಲ್ಲೂ ಸಿಲಿಂಡರ್ ಬೆವರಿ, ಹಿಮ ಕಟ್ಟಿ, ಉರಿ ಕುಗ್ಗುತ್ತದೆ. ಅವರು ಬಿಸಿನೀರು ಹೊಯ್ದು ಎಬ್ಬಿಸುತ್ತಾರೆ. ಆದರೆ ನಮ್ಮ ಮನೆಗೆ ಬರುವ 14.2 ಕಿಲೋ ಸಿಲಿಂಡರನ್ನು ಹಾಗೇ ಮಿನಿಯಾಪೊಲಿಸ್‌ಗೆ ಒಯ್ದರೆ ಬಿಸಿನೀರಿಗೂ ಅದು ಸುಲಭಕ್ಕೆ ಬಗ್ಗದು. ನಮ್ಮದು ಪ್ರೊಪೇನ್, ಬ್ಯುಟೇನ್‌ಗಳ ಬೆರಕೆ. ಬ್ಯುಟೇನ್ ಕುದಿಯುವುದು ಹೆಚ್ಚುಕಡಿಮೆ ಸೊನ್ನೆ ಡಿಗ್ರಿಯಲ್ಲಿ. ಅಲ್ಲಿಯ ಜನವರಿಯಲ್ಲಿ ಪ್ರೊಪೇನ್ ಮೊದಲು ಜಾಗ ಖಾಲಿ ಮಾಡಿ, ಬ್ಯುಟೇನ್ ನೀರಿನಂತೆ ತಳದಲ್ಲಿ ಸುಮ್ಮನೆ ಬಿದ್ದಿರುತ್ತದೆ.

ಇದ್ದಿಲ ಗ್ರಿಲ್ಲಿಗೆ ಈ ಗೋಳಿಲ್ಲ. ಶಿಕಾಗೊದ ವೆಬರ್ ಬ್ರದರ್ಸ್ ಮೆಟಲ್ ವರ್ಕ್ಸ್‌ನಲ್ಲಿ ಕೆಲಸಕ್ಕಿದ್ದ ಜಾರ್ಜ್ ಸ್ಟೀಫನ್ 1952ರಲ್ಲಿ, ನೀರಲ್ಲಿ ತೇಲಿಬಿಡುವ ಲೋಹದ ಬುರುಡೆಯ ಎರಡು ಅರ್ಧಗಳನ್ನು ತಳ ಮತ್ತು ಮುಚ್ಚಳ ಮಾಡಿ ಕಟ್ಟಿದ ದುಂಡು ಗ್ರಿಲ್ ಇವತ್ತಿಗೂ ಅದೇ ಆಕಾರದಲ್ಲಿದೆ. ಕೆಳಗಿನ ಕಿಂಡಿಯಿಂದ ಗಾಳಿ ಒಳಕ್ಕೆ, ಮೇಲಿನದರಿಂದ ಹೊರಕ್ಕೆ. ಈ ಎಳೆತಕ್ಕೆ ಕಾರಣ ಒಳಗಿನ ಹಗುರ ಗಾಳಿಗೂ ಹೊರಗಿನ ಭಾರದ ಗಾಳಿಗೂ ಇರುವ ವ್ಯತ್ಯಾಸ. ತಣ್ಣನೆಯ ಗಾಳಿ ಇನ್ನೂ ಭಾರ. ಮೇಲಿನ ಉಷ್ಣತೆಗಳನ್ನೇ ಇಟ್ಟುಕೊಂಡರೆ ಚಳಿಗಾಲದ ಎಳೆತ ಬೇಸಿಗೆಗಿಂತ ಸುಮಾರು ಶೇ 40 ಜಾಸ್ತಿ, ಲೀಟರಿಗೆ ಸಿಗುವ ಆಮ್ಲಜನಕವೂ ಜಾಸ್ತಿ. ಕೆಂಡ ಉಸಿರಾಡಲು ಹಿಮವೇ ಚೆನ್ನ.

ಅಂಥ ಕೆಂಡವನ್ನು ಚಳಿಗೆ ಹೆದರಿ ಗ್ಯಾರೇಜಿನೊಳಕ್ಕೆ ತಳ್ಳುವವರಿದ್ದಾರೆ. ಬಾಗಿಲು ತೆರೆದಿಟ್ಟಿದ್ದರೂ ಇದು ಹುಚ್ಚುತನ. ಕೆಂಡ ಬಿಡುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200ಕ್ಕೂ ಹೆಚ್ಚು ಪಟ್ಟು ಬಿಗಿಯಾಗಿ ಕಚ್ಚಿಕೊಳ್ಳುತ್ತದೆ.

ನಮ್ಮ ಗೊಜ್ಜಿನ ಗತಿ? ಎರಡು ಬರ್ನರ್ ಆರಿಸಿ ಒಂದನ್ನೇ ಉಳಿಸಿದೆವು, ಉರಿ ಕೊಂಚ ತಲೆಯೆತ್ತಿತು. ಬದನೆಕಾಯಿ ಮಾತ್ರ ಬಾಡಿತೇ ಹೊರತು ಸುಡಲಿಲ್ಲ. ಕೊನೆಗೆ ಭಾವ ಡೆಕ್ಕಿನ ಮೂಲೆಯ ಹಿಮ ಕೆದರಿ ಇನ್ನೊಂದು ಸಿಲಿಂಡರ್ ಎಳೆದು ತಂದರು. ಅದೂ ಅಷ್ಟೇ ತಣ್ಣಗಿತ್ತು, ಆದರೆ ತುಂಬಿತ್ತು. ಹತ್ತು ನಿಮಿಷದಲ್ಲಿ ಸಿಪ್ಪೆ ಬಿರಿದು ಚಿಟಿಚಿಟಿ ಸದ್ದು, ಆ ಸುಟ್ಟ ವಾಸನೆ.

ಏಪ್ರಿಲ್‌ನಲ್ಲಿ ಭಾವ ಫೋನ್ ಮಾಡಿದರು. ಆ ‘ಮುಗಿದ’ ಸಿಲಿಂಡರಿನಲ್ಲಿ ಆಮೇಲೆ ಎರಡು ಸಲ ಗೊಜ್ಜಾಯಿತಂತೆ.